ಪಿಟ್ ಬೈಕ್ ಫ್ರೇಮಿಗೆ 140 ಸಿಸಿ ಎಂಜಿನ್: ಮನೆಯಲ್ಲೇ ಕೂರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಮಲಗಿದ ಸಿಲಿಂಡರಿನ ಸಣ್ಣ ಡರ್ಟ್ ಬೈಕ್‌ಗಳ ವಿಷಯ: ಮುಂದೆ 14, ಹಿಂದೆ 12 ಇಂಚಿನ ಚಕ್ರವಿರುವ ಚೀನಾ ಪಿಟ್ ಬೈಕ್‌ಗಳು, ಹೋಂಡಾ ಎಕ್ಸ್‌ಆರ್50, ಸಿಆರ್‌ಎಫ್50 ಮತ್ತು ಅವುಗಳ ನಕಲುಗಳು. ಉದಾಹರಣೆಗೆ ಹಿಡಿದಿರುವುದು ಹಳೆಯ 110 ಸಿಸಿ ಎಂಜಿನ್ ಇಳಿಸಿ ವೈಎಕ್ಸ್ 140 ಕೂರಿಸುವ ಕೆಲಸ. ಎಂಜಿನ್ ಹಿಡಿದಿರುವುದು ಎರಡೇ ಬೋಲ್ಟ್. ಅದನ್ನು ಬದಲಿಸಲು ಒಂದು ಮಧ್ಯಾಹ್ನ ಸಾಕು. ಉಳಿದ ಸಮಯವೆಲ್ಲ ಹೋಗುವುದು ಚೈನ್ ಸಾಲು (ಮುಂದಿನ, ಹಿಂದಿನ ಸ್ಪ್ರಾಕೆಟ್ ಒಂದೇ ನೇರಕ್ಕೆ ಬರುವುದು), ವೈರಿಂಗ್, ಕಾರ್ಬ್ಯುರೇಟರ್ ಮತ್ತು ಬ್ರೇಕಿಗೆ. ಬಂದ ಪ್ರಶ್ನೆಗಳೂ ಹೆಚ್ಚಾಗಿ ಅವುಗಳದ್ದೇ.

ಬೇರೆ ಬೇರೆ ಕಂಪನಿಯ ಎಂಜಿನ್‌ಗಳು ಒಂದೇ ಫ್ರೇಮಿಗೆ ಹೇಗೆ ಕೂರುತ್ತವೆ?

ಹೋಂಡಾ ತನ್ನ ಸಣ್ಣ ಬೈಕ್‌ಗಳಲ್ಲಿ ದಶಕಗಳಿಂದ ಬಳಸಿದ ಮಲಗಿದ ಎಂಜಿನ್ನಿನ ವಿನ್ಯಾಸವನ್ನೇ ಚೀನಾದ ವೈಎಕ್ಸ್, ಲಿಫಾನ್, ಝೋಂಗ್‌ಶೆನ್ ಕಂಪನಿಗಳು ದೊಡ್ಡದು ಮಾಡುತ್ತಾ ಬಂದವು. ಕ್ರ್ಯಾಂಕ್ ಕೇಸಿನ ಹಿಂಭಾಗದಲ್ಲಿ ಮೇಲೊಂದು, ಕೆಳಗೊಂದು ಮೌಂಟಿಂಗ್ ತೂತು. ಕೇಸಿನ ಅಡಿಯಲ್ಲಿ ಫುಟ್‌ರೆಸ್ಟ್ ಕಂಬಿ ಹಿಡಿಯಲು ನಾಲ್ಕು ಬೋಲ್ಟ್. ಈ ಸ್ಥಾನಗಳನ್ನು ಅವರು ಬದಲಿಸಲಿಲ್ಲ. ಹಾಗಾಗಿ 39 × 41.4 ಮಿ.ಮೀ. ಬೋರ್-ಸ್ಟ್ರೋಕಿನ (ಸಿಲಿಂಡರಿನ ಒಳವ್ಯಾಸ ಮತ್ತು ಪಿಸ್ಟನ್ ಓಡುವ ದೂರ) 49 ಸಿಸಿ ಎಂಜಿನ್ ನೇತಾಡುತ್ತಿದ್ದ ಜಾಗದಲ್ಲೇ 56 × 57 ಮಿ.ಮೀ.ನ 140 ಸಿಸಿ ಎಂಜಿನ್ ಕೂರುತ್ತದೆ.

ಬೋಲ್ಟಿಗೆ ಬೋಲ್ಟ್ ಹೊಂದಿತೆಂದು ಎಲ್ಲವೂ ಹೊಂದುತ್ತದೆ ಅಂತಲ್ಲ. ಸಿಲಿಂಡರ್ ಉದ್ದವಾಗಿರುತ್ತದೆ, ಹೆಡ್ ದಪ್ಪಗಿರುತ್ತದೆ, ಮ್ಯಾಗ್ನೆಟ್ ಕವರ್ ಅಗಲವಾಗಿರುತ್ತದೆ. ತಗುಲುವುದು, ಉಜ್ಜುವುದು ಎಲ್ಲ ಅಲ್ಲಿಂದಲೇ ಶುರು.

ಎಂಜಿನ್ ಮೇಲೆ ಕೊರೆದಿರುವ 1ಪಿ56ಎಫ್‌ಎಂಜೆ ಎಂಬಂಥ ಸಂಕೇತವನ್ನು ಓದುವುದು ಹೇಗೆ?

1 ಅಂದರೆ ಒಂದು ಸಿಲಿಂಡರ್. ಪಿ ಅಂದರೆ ಮಲಗಿದ ಜಾತಿ. 56 ಅಂದರೆ ಮಿಲಿಮೀಟರಿನಲ್ಲಿ ಬೋರ್. ಎಫ್ ಗಾಳಿಯಿಂದ ತಣಿಯುವುದನ್ನು, ಎಂ ಮೋಟಾರ್‌ಸೈಕಲ್ಲನ್ನು, ಕೊನೆಯ ಅಕ್ಷರ ಸಿಸಿಯ ವರ್ಗವನ್ನು ಸೂಚಿಸುತ್ತದೆ. 1ಪಿ54ಎಫ್‌ಎಂಐ ಇದ್ದರೆ ಅದು 54 ಮಿ.ಮೀ. ಬೋರಿನ 125. ಸ್ಟಿಕ್ಕರಿನಲ್ಲಿ 140 ಎಂದಿದ್ದು ಕೇಸಿನ ಮೇಲೆ 54 ಎಂದಿದ್ದರೆ ಕೇಸನ್ನೇ ನಂಬಿ. ಸೆಕೆಂಡ್ ಹ್ಯಾಂಡ್ ಎಂಜಿನ್ ಆದರೆ ಅದೂ ಸಾಲದು. ಹಳೆ ಕೇಸಿಗೆ ಬೇರೆ ಸಿಲಿಂಡರ್ ಹಾಕಿರಬಹುದು.

ದುಡ್ಡು ಕೊಡುವ ಮುಂಚೆ ಏನೇನು ಅಳೆಯಬೇಕು?

ವರ್ನಿಯರ್ ಕ್ಯಾಲಿಪರ್ ಹಿಡಿದು ನಿಮ್ಮ ಬೈಕಿನ ಎದುರು ಕುಳಿತು ಇವನ್ನು ಬರೆದುಕೊಳ್ಳಿ:

- ಎರಡು ಮೌಂಟಿಂಗ್ ತೂತುಗಳ ನಡುವಿನ ದೂರ, ತೂತಿನ ವ್ಯಾಸ (ಸಾಮಾನ್ಯವಾಗಿ 8 ಮಿ.ಮೀ., ಕೆಲವದರಲ್ಲಿ 10), ಫ್ರೇಮಿನ ಎರಡು ಪ್ಲೇಟುಗಳ ನಡುವಿನ ಅಗಲ.
- ಮುಂದಿನ ಸ್ಪ್ರಾಕೆಟ್ ಕೂರುವ ಶಾಫ್ಟ್ 17 ಮಿ.ಮೀ.ನದೋ 20 ಮಿ.ಮೀ.ನದೋ. ಹಳೇ ಸ್ಪ್ರಾಕೆಟನ್ನೇ ಬಳಸುತ್ತೇನೆ ಎಂದುಕೊಂಡವರು ಮೊದಲು ಎಡವುವುದು ಇಲ್ಲಿ.
- ಚೈನ್ ಅಳತೆ 420ರದೋ 428ರದೋ. ಹೆಚ್ಚಿನ ಪಿಟ್ ಬೈಕ್‌ಗಳಿಗೆ 420.
- ಮುಂದಿನ ಫೋರ್ಕ್ ಪೂರ್ತಿ ಕುಗ್ಗಿದಾಗ ಟೈರು ಮತ್ತು ಮಡ್‌ಗಾರ್ಡಿನಿಂದ ಹಳೆಯ ಹೆಡ್ಡಿಗೆ ಎಷ್ಟು ಅಂತರ ಉಳಿಯುತ್ತದೆ.

ಕೊನೆಯದನ್ನು ಬೈಕ್ ಸ್ಟ್ಯಾಂಡಿನ ಮೇಲಿರುವಾಗ ಅಳೆದು ಸಮಾಧಾನ ಪಡಬೇಡಿ. ಫೋರ್ಕಿನ ಸ್ಪ್ರಿಂಗ್ ತೆಗೆದು ಅಥವಾ ಪಟ್ಟಿ ಬಿಗಿದು ಪೂರ್ತಿ ಒತ್ತಿ, ಆಮೇಲೆ ಅಳೆಯಿರಿ. ಹತ್ತು ಇಂಚಿನ ಚಕ್ರದ ಸಿಆರ್‌ಎಫ್50 ಮಾದರಿಯಲ್ಲಿ 140ರ ಹೆಡ್ ಮುಂದಕ್ಕೆ ಚಾಚಿ, ಜಂಪ್ ಮಾಡಿ ಇಳಿದಾಗ ಟೈರು ಹೆಡ್ಡಿಗೆ ಬಡಿಯುವ ಅಪಾಯವಿದೆ. 14/12 ಚಕ್ರದ ಫ್ರೇಮಿನಲ್ಲಿ ಈ ತೊಂದರೆ ಕಡಿಮೆ. ಆ ಫ್ರೇಮುಗಳು 125, 140ನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದವು.

ಸ್ಪ್ಲೆಂಡರ್ ಎಂಜಿನ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನೇ ಹಾಕಬಾರದೇ?

97.2 ಸಿಸಿಯ ಅದು ಕೂಡ ಹೋಂಡಾ ವಂಶದ ಮಲಗಿದ ಎಂಜಿನ್ನೇ. ಬಿಡಿಭಾಗ ಯಾವ ಊರಿನಲ್ಲಿ ಬೇಕಾದರೂ ಸಿಗುತ್ತದೆ, ಬಾಳಿಕೆಯ ಬಗ್ಗೆ ಮಾತೇ ಬೇಡ. ಆದರೆ ನೋಡಲು ಒಂದೇ ಥರ ಇದೆಯೆಂದು ಮೌಂಟಿಂಗೂ ಒಂದೇ ಎಂದು ಭಾವಿಸಬೇಡಿ, ಅಳೆದು ನೋಡಿ. ಅದರ ಚೈನ್ 428, ಹಾಗಾಗಿ ಹಿಂದಿನ ಸ್ಪ್ರಾಕೆಟ್ಟೂ ಬದಲಾಗಬೇಕು. ಮೌಂಟ್ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿಸಬೇಕಾಗಿ ಬಂದರೆ, ಪಾಲಿಸಬೇಕಾದ ನಿಯಮ ಒಂದೇ: ಮೊದಲು ಹಿಂದಿನ ಸ್ಪ್ರಾಕೆಟ್ ಜೊತೆ ಚೈನ್ ಸಾಲು ಹೊಂದಿಸಿ, ಎಂಜಿನ್ನನ್ನು ಮರದ ತುಂಡುಗಳ ಮೇಲೆ ಆ ಜಾಗದಲ್ಲೇ ನಿಲ್ಲಿಸಿ, ಆಮೇಲೆ ಪ್ಲೇಟಿಗೆ ಟ್ಯಾಕ್ ವೆಲ್ಡ್ ಹಾಕಿಸಿ. ಪೂರ್ತಿ ವೆಲ್ಡಿಂಗಿಗೆ ಮುಂಚೆ ಎಂಜಿನ್, ಸಿಡಿಐ (ಕಿಡಿ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಎರಡನ್ನೂ ಫ್ರೇಮಿನಿಂದ ಹೊರಗಿಡಿ.

ದೊಡ್ಡ ಡರ್ಟ್ ಬೈಕಿಗೂ ಇದೇ ರೀತಿ ಮಾಡಬಹುದೇ?

ಅದು ಬೇರೆಯೇ ಕೆಲಸ. ದೊಡ್ಡ ಡರ್ಟ್ ಬೈಕ್‌ಗಳಲ್ಲಿ ಸ್ವಿಂಗ್ ಆರ್ಮಿನ ಬೋಲ್ಟ್ ಎಂಜಿನ್ ಕೇಸಿನ ಮೂಲಕವೇ ಹಾದುಹೋಗುತ್ತದೆ. ಎಂಜಿನ್ ಬದಲಾದರೆ ಸ್ವಿಂಗ್ ಆರ್ಮಿನ ಅಗಲ, ಚೈನ್ ಸಾಲು ಎಲ್ಲವೂ ಕದಲುತ್ತವೆ. ಅಮೆರಿಕದಲ್ಲಿ ಹೆಸರಾದ ಉದಾಹರಣೆ ಹೋಂಡಾ ಸಿಆರ್500. 2001ರವರೆಗೆ ತಯಾರಾದ ಆ 491 ಸಿಸಿ ಟೂ ಸ್ಟ್ರೋಕಿಗೆ ಹೋಂಡಾ ಅಲ್ಯೂಮಿನಿಯಂ ಫ್ರೇಮ್ ಕೊಡಲೇ ಇಲ್ಲ. 1997ರಲ್ಲಿ ಅದು ಮೊದಲು ಸಿಕ್ಕಿದ್ದು ಸಿಆರ್250ಕ್ಕೆ. ಅಲ್ಲಿನವರು 250ರ ಫ್ರೇಮಿನಲ್ಲಿ ಎಂಜಿನ್ ಹೊರುವ ಕೆಳಗಿನ ತೊಟ್ಟಿಲು ಕಂಬಿ ಕತ್ತರಿಸಿ, ಹೊಸ ಮೌಂಟ್ ಕೂರಿಸಿ, ಎಕ್ಸಾಸ್ಟ್ ಪೈಪ್ ಬೇರೆ ಮಾಡಿ 500ನ್ನು ಅದರೊಳಗೆ ತಂದರು. ಅಲ್ಯೂಮಿನಿಯಂಗೆ ಟಿಗ್ ವೆಲ್ಡಿಂಗ್ ಬೇಕು, ವೆಲ್ಡ್ ಬಿದ್ದ ಕಡೆ ಲೋಹದ ಬಲ ಕುಗ್ಗುತ್ತದೆ. ಮನೆಯ ಶೆಡ್ಡಿನಲ್ಲಿ ಮೊದಲ ಸಲ ಪಾನಾ ಹಿಡಿದವರು ಇದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಹೊಸ ಎಂಜಿನ್ ಪೆಟ್ಟಿಗೆಯಿಂದ ತೆಗೆದು ನೇರ ಕೂರಿಸಬಹುದೇ?

ಬೇಡ. ಎಂಜಿನ್ ಟೇಬಲ್ ಮೇಲಿರುವಾಗ ಒಂದು ಗಂಟೆಯಲ್ಲಿ ಆಗುವ ಕೆಲಸ, ಫ್ರೇಮಿಗೆ ಏರಿದ ಮೇಲೆ ಅರ್ಧ ದಿನ ತಿನ್ನುತ್ತದೆ.

ಮೊದಲು ಒಳಗಿರುವ ಪ್ಯಾಕಿಂಗ್ ಎಣ್ಣೆಯನ್ನು ಪೂರ್ತಿ ಬಸಿಯಿರಿ. ಬಲಗಡೆಯ ಕ್ಲಚ್ ಕವರ್ ಬಿಚ್ಚಿ ಕ್ಲಚ್ ನಟ್ಟು ಬಿಗಿಯಾಗಿದೆಯೇ ನೋಡಿ, ಎರಕದ ಮರಳೋ ಲೋಹದ ಚೂರೋ ಉಳಿದಿದ್ದರೆ ಒರೆಸಿ. ಗ್ಯಾಸ್ಕೆಟ್ ಹರಿದರೆ ಹೊಸದೇ ಹಾಕಿ. ಗಮ್ ಬಳಿದು ಹಳೆಯದನ್ನೇ ಕೂರಿಸಿದರೆ ಗಮ್ಮಿನ ತುಣುಕು ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಅಂತರ. ಎಂಜಿನ್ ತಣ್ಣಗಿರಬೇಕು. ಎಡಗಡೆಯ ಮ್ಯಾಗ್ನೆಟ್ಟಿನ ಟಿ ಗುರುತನ್ನು ಕೇಸಿನ ಗುರುತಿಗೆ ತಂದು, ಕ್ಯಾಮ್ ಸ್ಪ್ರಾಕೆಟ್ಟಿನ ಸೊನ್ನೆ ಗುರುತು ಹೆಡ್ಡಿನ ಕಚ್ಚಿಗೆ ಎದುರಾಗಿದೆಯೇ ನೋಡಿ. ಟಿ ಗುರುತು ಸರಿಯಿದ್ದು ಸೊನ್ನೆ ಎದುರು ದಿಕ್ಕಿನಲ್ಲಿದ್ದರೆ ಪಿಸ್ಟನ್ ಎಕ್ಸಾಸ್ಟ್ ಸುತ್ತಿನಲ್ಲಿದೆ ಎಂದರ್ಥ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಈಗ ಎರಡೂ ರಾಕರ್ ಸ್ವಲ್ಪ ಸಡಿಲವಾಗಿರಬೇಕು. 0.05 ಮಿ.ಮೀ. ಫೀಲರ್ ಗೇಜ್ ತುಸು ಎಳೆತದೊಂದಿಗೆ ಹಾದುಹೋಗುವಂತೆ ಸ್ಕ್ರೂ ಹೊಂದಿಸಿ, ಸ್ಕ್ರೂವನ್ನು ಕದಲದಂತೆ ಹಿಡಿದು ಲಾಕ್ ನಟ್ಟು ಬಿಗಿಯಿರಿ, ಮತ್ತೆ ಗೇಜ್ ಹಾಕಿ ನೋಡಿ. ನಟ್ಟು ಬಿಗಿಯುವಾಗ ಸ್ಕ್ರೂ ಅದರ ಜೊತೆ ತಿರುಗಿ ಅಂತರ ಮುಚ್ಚಿಹೋಗುವುದು ಮಾಮೂಲು. ಅಂತರವೇ ಇಲ್ಲದಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಬಿದ್ದು ಬಿಸಿ ಎಂಜಿನ್ ಕಿಕ್ಕಿಗೆ ಜಗ್ಗುವುದಿಲ್ಲ.

10ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ದರ್ಜೆಯ, ಜಾಸೋ ಎಂಎ (ಬೈಕ್ ಕ್ಲಚ್ಚಿಗೆ ಹೊಂದುವ ಆಯಿಲಿನ) ಗುರುತಿರುವ ಬೈಕ್ ಆಯಿಲ್ ಹಾಕಿ. 140ಕ್ಕೆ ಸುಮಾರು 900 ಮಿ.ಲೀ.ನಿಂದ 1 ಲೀಟರ್ ಹಿಡಿಯುತ್ತದೆ. ಲೆಕ್ಕಕ್ಕಿಂತ ಡಿಪ್ ಸ್ಟಿಕ್ ಗುರುತನ್ನು ಅನುಸರಿಸಿ. ಕಾರಿನ ಆಯಿಲ್ ಬೇಡ, ಅದರಲ್ಲಿರುವ ಜಾರಿಕೆಯ ರಾಸಾಯನಿಕದಿಂದ ಕ್ಲಚ್ ಜಾರುತ್ತದೆ. ಪ್ಲಗ್ ತೆಗೆದು, ಹೆಡ್ಡಿನಲ್ಲಿ ಆಯಿಲ್ ಕಾಣುವವರೆಗೆ ಕಿಕ್ಕರನ್ನು ನಿಧಾನ ಒತ್ತುತ್ತಿರಿ. ಒಣಗಿದ ಕ್ಯಾಮ್ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದರೆ ಆಗುವ ಗೀರು ವಾಸಿಯಾಗುವುದಿಲ್ಲ.

ಇಳಿಸಿ ಏರಿಸುವ ಕ್ರಮ ಯಾವುದು?

ಬೈಕನ್ನು ಫ್ರೇಮಿನಡಿ ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಫುಟ್‌ರೆಸ್ಟ್ ಕಂಬಿಗೇ ಜೋಡಿಸಿರುವುದರಿಂದ, ಕಂಬಿ ಬಿಚ್ಚಿದ ಕ್ಷಣ ಬೈಕಿಗೆ ಆಧಾರವಿರುವುದಿಲ್ಲ. ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಬಸಿದು, ಸೈಲೆನ್ಸರ್ ಮತ್ತು ಬೆಂಡ್ ಪೈಪ್, ಕಾರ್ಬ್ಯುರೇಟರ್, ವೈರ್ ಸಾಕೆಟ್, ಚೈನ್, ಗೇರ್ ಲಿವರ್, ಫುಟ್‌ರೆಸ್ಟ್ ಕಂಬಿ ಈ ಕ್ರಮದಲ್ಲಿ ತೆಗೆಯಿರಿ. ಎಂಜಿನ್ ಅಡಿಗೆ ಜ್ಯಾಕ್ ಕೊಟ್ಟು ಕೆಳಗಿನ ಬೋಲ್ಟ್ ಮೊದಲು, ಮೇಲಿನದು ಕೊನೆಗೆ. ವೈರ್‌ಗಳ ಫೋಟೋ ಮುಂಚೆಯೇ ತೆಗೆದಿಡಿ.

ಕೂರಿಸುವಾಗ ಮೇಲಿನ ಬೋಲ್ಟ್ ಮೊದಲು ಹಾಕಿ, ಎಂಜಿನ್ ತೂಗಾಡಿಸಿ ಕೆಳಗಿನ ತೂತು ಹೊಂದಿಸಿ. ಸುತ್ತಿಗೆಯಿಂದ ಬಡಿದು ಬೋಲ್ಟ್ ನುಗ್ಗಿಸುವ ಪ್ರಸಂಗ ಬಂದರೆ ನಿಲ್ಲಿಸಿ. ಫ್ರೇಮಿನ ಪ್ಲೇಟ್ ಬಾಗಿರಬಹುದು, ಇಲ್ಲವೇ ತೂತಿನಲ್ಲಿ ಪೇಂಟ್ ತುಂಬಿರಬಹುದು. ಎರಡೂ ಬೋಲ್ಟ್ ಕೈಯಲ್ಲಿ ತಿರುಗಿಸಿ ಕೂರಿಸಿದ ನಂತರವೇ ಬಿಗಿಯಿರಿ, 8 ಮಿ.ಮೀ.ನವಕ್ಕೆ ಸುಮಾರು 25 ನ್ಯೂಟನ್ ಮೀಟರ್. ಅಡಿಯ ನಾಲ್ಕು ಬೋಲ್ಟಿಗೂ ಸುಮಾರು ಅಷ್ಟೇ, ಜೊತೆಗೆ ನೀಲಿ ಥ್ರೆಡ್ ಲಾಕರ್. ಕೇಸ್ ಅಲ್ಯೂಮಿನಿಯಂ ಆದ್ದರಿಂದ ಆ ನಾಲ್ಕರ ಥ್ರೆಡ್ ಕಿತ್ತುಬಂದರೆ ರಿಪೇರಿ ಪೇಚಾಟ. ಎಲ್ಲ ಬಿಗಿದ ಮೇಲೆ ಕಿಕ್ಕರ್ ಪೂರ್ತಿ ಕೆಳಗೆ ಹೋಗುವಾಗ ಫುಟ್‌ರೆಸ್ಟಿಗೆ ತಗುಲುತ್ತದೆಯೇ, ಬ್ರೇಕ್ ಪೆಡಲ್ ಕ್ಲಚ್ ಕವರಿಗೆ ಉಜ್ಜುತ್ತದೆಯೇ ನೋಡಿ.

ಚೈನ್ ಪದೇ ಪದೇ ಕಳಚುತ್ತಿದೆ. ಯಾಕೆ?

ಹತ್ತರಲ್ಲಿ ಒಂಬತ್ತು ಸಲ ಸಾಲು ತಪ್ಪಿರುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ಮುಖಕ್ಕೆ ನೇರವಾದ ಅಲ್ಯೂಮಿನಿಯಂ ಪಟ್ಟಿ ಒತ್ತಿ ಹಿಡಿದು ಮುಂದಿನ ಸ್ಪ್ರಾಕೆಟ್ಟಿನವರೆಗೆ ಚಾಚಿ. ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹಿಂದಿನ ಸ್ಪ್ರಾಕೆಟ್ ಹಿಂದೆ ಸ್ಪೇಸರ್ ಹಾಕಿಸಿ, ಇಲ್ಲವೇ ಆಫ್‌ಸೆಟ್ ಇರುವ ಮುಂದಿನ ಸ್ಪ್ರಾಕೆಟ್ ತನ್ನಿ. ಸ್ಪೇಸರನ್ನು ಲೇತಿನಲ್ಲೇ ಮಾಡಿಸಿ; ವಾಷರ್ ಪೇರಿಸಿದರೆ ಬೋಲ್ಟ್ ಸಡಿಲಾಗುತ್ತದೆ.

ಇನ್ನೊಂದು ಕಾರಣ ಬಿಗಿತ. ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಸ್ವಿಂಗ್ ಆರ್ಮ್ ಎತ್ತಿ ಇಳಿಸಿ ನೋಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಆ ಸ್ಥಿತಿಯಲ್ಲೂ ಸುಮಾರು 10 ಮಿ.ಮೀ. ಆಟ ಉಳಿಯುವಂತೆ ಹೊಂದಿಸಿ. ಶಾಕ್ ಹಾಕಿದ ಮೇಲೆ 25-35 ಮಿ.ಮೀ. ಜೋತಾಟ ಕಂಡರೆ ಅದೇ ಸರಿ.

ಗೇರಿಂಗ್ ವಿಚಾರ: ಮುಂದೆ ಒಂದು ಹಲ್ಲು ಕಡಿಮೆ ಮಾಡುವುದು ಹಿಂದೆ ಸುಮಾರು ಮೂರು ಹಲ್ಲು ಹೆಚ್ಚಿಸಿದಷ್ಟೇ ಪರಿಣಾಮ. ತೋಟದ ಏರಿಗೆ 14/41 (ಮುಂದಿನ/ಹಿಂದಿನ ಹಲ್ಲು), ಉದ್ದನೆಯ ಬಯಲಿಗೆ 15/37.

ಕಿಕ್ ಹೊಡೆದರೂ ಕಿಡಿ ಬರುತ್ತಿಲ್ಲ. ಎಲ್ಲಿಂದ ಹುಡುಕಬೇಕು?

ಈ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಬರುವುದು ಬ್ಯಾಟರಿ ಬೇಡದ ಎಸಿ ಸಿಡಿಐ. ಮ್ಯಾಗ್ನೆಟ್ ಕಾಯಿಲಿನಿಂದ ಬರುವ ಕಪ್ಪು-ಕೆಂಪು ವೈರ್ ಸಿಡಿಐಗೆ ಕರೆಂಟ್ ಕೊಡುತ್ತದೆ, ನೀಲಿ-ಬಿಳಿ ಕಿಡಿಯ ಸಮಯ ತಿಳಿಸುವ ಪಲ್ಸರ್ ಕಾಯಿಲಿನದು, ಹಸಿರು ಅರ್ತ್, ಕಪ್ಪು-ಬಿಳಿ ಕಿಲ್ ಸ್ವಿಚ್ಚಿನದು, ಕಪ್ಪು-ಹಳದಿ ಇಗ್ನಿಷನ್ ಕಾಯಿಲಿಗೆ ಹೋಗುವುದು.

ಮೊದಲು ಕಪ್ಪು-ಬಿಳಿ ವೈರ್ ಕಳಚಿ ಕಿಕ್ ಹೊಡೆಯಿರಿ. ಕಿಡಿ ಬಂದರೆ ತಪ್ಪು ಕಿಲ್ ಸ್ವಿಚ್ಚಿನಲ್ಲಿ. ಈ ಪದ್ಧತಿಯಲ್ಲಿ ಆ ವೈರ್ ಅರ್ತಿಗೆ ತಗುಲಿದರೆ ಎಂಜಿನ್ ನಿಲ್ಲುತ್ತದೆ. ಬರದಿದ್ದರೆ ಅರ್ತ್ ನೋಡಿ. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಫ್ರೇಮಿನಲ್ಲಿ ಇಗ್ನಿಷನ್ ಕಾಯಿಲಿನ ಬೋಲ್ಟ್ ಪೇಂಟಿನ ಮೇಲೆ ಕೂತಿರುತ್ತದೆ. ಕೆರೆದು ಲೋಹ ಕಾಣಿಸಿ. ಆಮೇಲೆ ಮಲ್ಟಿಮೀಟರ್: ನೀಲಿ-ಬಿಳಿಯಿಂದ ಅರ್ತಿಗೆ ಸುಮಾರು 100-200 ಓಮ್, ಕಪ್ಪು-ಕೆಂಪಿನಿಂದ ಅರ್ತಿಗೆ ಅದಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಕೆಲವು ನೂರು ಓಮ್ ಸಿಗಬೇಕು. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಒಳಗೆ ತುಂಡಾಗಿದೆ.

ಹಳೆಯ ಬೈಕಿನಲ್ಲಿ ಬ್ಯಾಟರಿಯಿಂದ ನಡೆಯುವ ಡಿಸಿ ಸಿಡಿಐ ಇದ್ದಿರಬಹುದು. ಸಾಕೆಟ್ ಒಂದೇ ಆಕಾರದ್ದಾದರೂ ಅದನ್ನು ಹೊಸ ಎಂಜಿನ್ನಿಗೆ ಸಿಕ್ಕಿಸಬೇಡಿ. ಎಂಜಿನ್ ಜೊತೆಗೇ ಸಿಡಿಐ, ಕಾಯಿಲ್, ವೈರಿಂಗ್ ಸೆಟ್ ತರಿಸಿಕೊಳ್ಳುವುದು ಕಡಿಮೆ ತಲೆನೋವು. ಪ್ಲಗ್ ಎನ್‌ಜಿಕೆ ಸಿ7ಎಚ್‌ಎಸ್‌ಎ ಅಥವಾ ಸಿಆರ್7ಎಚ್‌ಎಸ್‌ಎ, ಗ್ಯಾಪ್ 0.6-0.7 ಮಿ.ಮೀ.

110ರ ಕಾರ್ಬ್ಯುರೇಟರನ್ನೇ ಉಳಿಸಿಕೊಳ್ಳಬಹುದೇ?

ಸ್ಟಾರ್ಟ್ ಆಗುತ್ತದೆ, ಐಡಲ್ ನಿಲ್ಲುತ್ತದೆ, ಅರ್ಧ ಥ್ರಾಟಲಿನ ಮೇಲೆ ಉಸಿರು ಕಟ್ಟುತ್ತದೆ. 125ಕ್ಕೆ 22 ಮಿ.ಮೀ., 140ಕ್ಕೆ 26 ಮಿ.ಮೀ. ಕಾರ್ಬ್ಯುರೇಟರ್ ಸರಿಯಾದ ಅಳತೆ. 26ರ ಮಿಕುನಿಯಲ್ಲಿ 100ರ ಆಸುಪಾಸಿನ ಮೈನ್ ಜೆಟ್ಟಿನಿಂದ (ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗ) ಶುರು ಮಾಡಿ. ಯಾವಾಗಲೂ ದೊಡ್ಡ ಜೆಟ್ಟಿನಿಂದ ಚಿಕ್ಕದಕ್ಕೆ ಇಳಿಯಿರಿ. ಪೆಟ್ರೋಲ್ ಹೆಚ್ಚಾದರೆ ಹೊಗೆ ಬರುತ್ತದೆ ಅಷ್ಟೇ. ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ.

ಪರೀಕ್ಷೆ ಹೀಗೆ: ಬಿಸಿಯಾದ ಎಂಜಿನ್, ಹೊಸ ಪ್ಲಗ್, ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೆಲವು ಸೆಕೆಂಡ್. ಥ್ರಾಟಲ್ ಇಳಿಸದೆ ಕಿಲ್ ಒತ್ತಿ, ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಿ. ತೆಳು ಕಂದು ಬಣ್ಣ ಸರಿ, ಬಿಳಿಚಿಕೊಂಡಿದ್ದರೆ ಜೆಟ್ ಹೆಚ್ಚಿಸಿ, ಮಸಿ ಹಿಡಿದಿದ್ದರೆ ಇಳಿಸಿ. ಐಡಲ್ ಮಿಕ್ಸ್ಚರ್ ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯದು, ಹೊರಗೆ ತಿರುಗಿಸಿದರೆ ಪೆಟ್ರೋಲ್ ಪಾಲು ಕಡಿಮೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲಿನದು, ಲೆಕ್ಕ ತಿರುಗುಮುರುಗು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಅಂಚಿಗೆ ಟ್ಯೂನ್ ಮಾಡಿದ ಬೈಕನ್ನು ಮಂಗಳೂರಿನ ಕಡೆ ಒಯ್ದರೆ ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲದಾಗುತ್ತದೆ, ಮೈನ್ ಜೆಟ್ ಒಂದು ಮೆಟ್ಟಿಲು ಏರಿಸಬೇಕು. ಇ20 (20% ಎಥನಾಲ್ ಬೆರೆತ) ಪೆಟ್ರೋಲಿನಲ್ಲೂ ಮಿಶ್ರಣ ತುಸು ತೆಳುವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬೈಕ್ ವಾರಗಟ್ಟಲೆ ನಿಂತಾಗ ಅದು ತೇವ ಹೀರುವುದು. ನಿಲ್ಲಿಸಿಡುವ ಮುಂಚೆ ಫ್ಲೋಟ್ ಬಟ್ಟಲು ಬಸಿದುಬಿಡಿ.

ಥ್ರಾಟಲ್ ಬಿಟ್ಟರೂ ಎಂಜಿನ್ ರೇಸ್ ಆಗಿಯೇ ಇದ್ದರೆ ಕಾರ್ಬ್ಯುರೇಟರಿನಿಂದ ಹೆಡ್ಡಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಗಾಳಿ ಎಳೆಯುತ್ತಿದೆ, ಒ-ರಿಂಗ್ ನೋಡಿ. ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಮಾತ್ರ ರೇಸ್ ಏರಿದರೆ ಆಕ್ಸಿಲರೇಟರ್ ವೈರ್ ಗಿಡ್ಡವಾಯಿತು ಅಥವಾ ಟ್ಯಾಂಕಿನಡಿ ಸಿಕ್ಕಿಕೊಂಡಿದೆ. ಇದನ್ನು ಸರಿಪಡಿಸದೆ ಬೈಕ್ ಏರಲೇಬೇಡಿ.

ಹಳೆಯದರಲ್ಲಿ ಕ್ಲಚ್ ಲಿವರ್ರೇ ಇರಲಿಲ್ಲ. ಈಗ?

ಎಡಗೈಗೆ ಲಿವರ್ ಮತ್ತು ಹೊಸ ವೈರ್ ಬೇಕು. ಲಿವರ್ ತುದಿಯಲ್ಲಿ 10-20 ಮಿ.ಮೀ. ಸಡಿಲವಿರಲಿ. ಗೇರ್ ಕ್ರಮವೂ ಬೇರೆ ಇರಬಹುದು: ಹಲವು 125ಗಳಲ್ಲಿ ನ್ಯೂಟ್ರಲ್ ಕೆಳಗಿದ್ದು ನಾಲ್ಕೂ ಗೇರ್ ಮೇಲೆ, ವೈಎಕ್ಸ್ 140ರಲ್ಲಿ ಸಾಮಾನ್ಯವಾಗಿ ಒಂದು ಕೆಳಗೆ ಉಳಿದವು ಮೇಲೆ. ಮೊದಲ ಸವಾರಿಗೆ ಮುಂಚೆ ಹಿಂದಿನ ಚಕ್ರ ಎತ್ತಿ ಎಲ್ಲ ಗೇರ್ ಹಾಕಿ ನೋಡಿ.

ಆಯಿಲ್ ಕೂಲರ್ ಬೇಕೇ ಬೇಕೇ?

ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಟ್ರ್ಯಾಕಿನಲ್ಲಿ ಓಡಿಸುವುದಾದರೆ ಹೌದು. ಹಾಕದಿದ್ದರೆ ಅದರ ಕಿಂಡಿಗಳನ್ನು ಸರಿಯಾದ ಉದ್ದದ ಬೋಲ್ಟ್, ತಾಮ್ರದ ವಾಷರ್ ಕೊಟ್ಟು ಮುಚ್ಚಿ.

ಫ್ರೇಮ್, ಬ್ರೇಕ್ ತಡೆದುಕೊಳ್ಳುತ್ತವೆಯೇ?

ಡಿಸ್ಕ್ ಬ್ರೇಕಿನ 14/12 ಪಿಟ್ ಬೈಕ್ ಆದರೆ ಬಹುಮಟ್ಟಿಗೆ ಹೌದು. ಸಿಆರ್‌ಎಫ್50 ಮಾದರಿಯ ಫ್ರೇಮ್ ಮಗುವಿನ ತೂಕಕ್ಕೆ, ಸಣ್ಣ ಎಂಜಿನ್ನಿಗೆ ಮಾಡಿದ್ದು. ಅದಕ್ಕೆ ಎಂಜಿನ್ ಅಡಿಯಿಂದ ಮುಂದಿನ ಕುತ್ತಿಗೆಯವರೆಗೆ ಹಿಡಿಯುವ ತೊಟ್ಟಿಲು ಕಂಬಿ, ಗಟ್ಟಿ ಸ್ವಿಂಗ್ ಆರ್ಮ್, ಬೇರೆ ಫೋರ್ಕ್ ಮೂರೂ ಬೇಕು. ಸಣ್ಣ ಡ್ರಮ್ ಬ್ರೇಕಿಗೆ 140ರ ವೇಗ ನಿಲ್ಲಿಸುವ ಶಕ್ತಿ ಇಲ್ಲ. ಖರ್ಚಿನ ಪಟ್ಟಿಯಲ್ಲಿ ಬ್ರೇಕನ್ನು ಎಂಜಿನ್ನಿಗಿಂತ ಮೇಲೆ ಬರೆಯಿರಿ. ಮತ್ತು ಎಂಜಿನ್ ಬದಲಾದ ಮೇಲೆ ಅದು ಮಕ್ಕಳ ಬೈಕ್ ಅಲ್ಲ. 50 ಸಿಸಿ ಬೈಕಿನಲ್ಲಿ ಕಲಿಯುತ್ತಿದ್ದ ಮಗುವನ್ನು ಇದರ ಮೇಲೆ ಕೂರಿಸುವುದು ಅಪಾಯ, ಸೀಟು ಎಷ್ಟೇ ತಗ್ಗಿದ್ದರೂ.

ರಸ್ತೆಯಲ್ಲಿ ಓಡಿಸಬಹುದೇ?

ಇಲ್ಲ. 25 ಸಿಸಿ ಮೀರಿದ ದ್ವಿಚಕ್ರ ವಾಹನ ಕಾನೂನಿನ ಕಣ್ಣಿನಲ್ಲಿ ಮೋಟಾರು ವಾಹನವೇ. ನೋಂದಣಿ, ವಿಮೆ ಇಲ್ಲದೆ ಸಾರ್ವಜನಿಕ ರಸ್ತೆಗೆ ತರುವಂತಿಲ್ಲ. ನೋಂದಣಿಯಾದ ಬೈಕಿನ ಎಂಜಿನ್ ಬದಲಿಸುವುದು ಇನ್ನೂ ಸೂಕ್ಷ್ಮ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ 182ಎ ಪ್ರಕಾರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಪ್ರಾಪ್ತರು ರಸ್ತೆಯಲ್ಲಿ ಸಿಕ್ಕಿಬಿದ್ದರೆ 199ಎ ಅಡಿ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆ ಇದೆ. ಸ್ವಂತ ತೋಟ, ಬೇಲಿ ಹಾಕಿದ ಜಮೀನು, ಟ್ರ್ಯಾಕ್ ಇವೇ ಜಾಗ. ಅನುಮತಿಯಿಲ್ಲದೆ ಮೀಸಲು ಅರಣ್ಯದ ದಾರಿಗೆ ಇಳಿಯಬೇಡಿ.

ಮೊದಲ ಕೆಲವು ಗಂಟೆ ಹೇಗೆ ಓಡಿಸಬೇಕು?

ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆರಿಸಿ, ಪೂರ್ತಿ ತಣಿಯಲಿ. ಇದನ್ನು ಇನ್ನೆರಡು ಸಲ ಮಾಡಿ. ಆಮೇಲೆ ಅರ್ಧ ಥ್ರಾಟಲ್ ಮೀರದೆ, ಒಂದೇ ವೇಗದಲ್ಲಿ ಎಳೆಯದೆ ಏರಿಳಿಸುತ್ತಾ ಓಡಿಸಿ. ಅರ್ಧ ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ. ಬಸಿದ ಆಯಿಲಿನಲ್ಲಿ ಬೂದು ಮಿನುಗು ಕಂಡರೆ ಗಾಬರಿ ಬೇಡ, ಉಗುರಿಗೆ ಸಿಗುವಂಥ ಚೂರು ಕಂಡರೆ ಕವರ್ ಬಿಚ್ಚಿ. ಎರಡು ಗಂಟೆಗೆ ಮತ್ತೊಮ್ಮೆ ಆಯಿಲ್, ಜೊತೆಗೆ ಟ್ಯಾಪೆಟ್. ಮೌಂಟಿಂಗ್ ಬೋಲ್ಟ್, ಫುಟ್‌ರೆಸ್ಟಿನ ನಾಲ್ಕು ಬೋಲ್ಟ್, ಬೆಂಡ್ ಪೈಪಿನ ಎರಡು ನಟ್ಟು ಮತ್ತು ಸ್ಪ್ರಾಕೆಟ್ ಬೋಲ್ಟುಗಳಿಗೆ ಮೊದಲ ಒಂದು ಗಂಟೆಯಾದ ಕೂಡಲೇ ಪಾನಾ ಹಾಕಿ. ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಕೇಸಿನ ಮೇಲೆ ಒಂದು ಪೇಂಟ್ ಗೆರೆ ಎಳೆದಿಟ್ಟರೆ, ಮುಂದಿನ ಸಲ ಯಾವುದು ಕದಲಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ.